ಮನೆಗೊಂದು ಹಣ, ಇಪ್ಪತ್ತು ಆಳು

(ಪೂರ್ವದ ದರ್ಶನಗಳು ಮತ್ತು ಧಾರ್ಮಿಕ ಅಲ್ಪಸಂಖ್ಯಾತರ ಹಕ್ಕು ಕುರಿತು ಧಾರವಾಡದಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ.

ಧರ್ಮಗಳು ಕೂಡಿ ಬಾಳಿದ ಉದಾಹರಣೆ ಬೇಕೆಂದರೆ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಶಿಶುನಾಳದ ಶರೀಫರಿಗೆ ಕಳಸದ ಗೋವಿಂದಭಟ್ಟರು ಗುರು. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಎರಡು ಪರಂಪರೆ ಬೆಸೆದುಕೊಂಡಿವೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ದೇವರು ಕೂರುತ್ತವೆ, ಊರಿಗೆ ಊರೇ ಹೆಜ್ಜೆ ಹಾಕುತ್ತದೆ. ಇದೆಲ್ಲ ನಿಜ, ಹೆಮ್ಮೆಪಡುವಂಥದ್ದು. ಆದರೆ ಹಬ್ಬದಲ್ಲಿ ಕೂಡಿ ಕುಣಿದ ಊರಲ್ಲೇ ಖಬರಸ್ತಾನದ ದಾರಿಗೆ ಬೇಲಿಯೂ ಬೀಳುತ್ತದೆ. ಕುಣಿದದ್ದು ಸುಳ್ಳಲ್ಲ, ಬೇಲಿಯೂ ಸುಳ್ಳಲ್ಲ. ಸೈರಣೆ ಬೇರೆ, ಹಕ್ಕು ಬೇರೆ. ಸೈರಣೆ ಇರುವುದು ಬಲವುಳ್ಳವರ ಮನಸ್ಸಿನಲ್ಲಿ. ಮನಸ್ಸು ತಿರುಗಿದ ದಿನ ಅದೂ ತಿರುಗುತ್ತದೆ. ಹಕ್ಕು ಬಲವಿಲ್ಲದವರ ಕೈಯಲ್ಲಿರಬೇಕು.

ಇವತ್ತು ಹೇಳಬೇಕಾದದ್ದು ಇಷ್ಟೇ. ಸೈರಣೆಗೆ ಬೇಕಾದ ಕಾರಣಗಳನ್ನು ನಮ್ಮ ದರ್ಶನಗಳು ತುಂಬು ಕೈಯಿಂದ ಕೊಟ್ಟಿವೆ. ಆ ಕಾರಣಗಳು ಹಕ್ಕಾಗಿ ನಿಂತದ್ದು ಮಾತ್ರ ಯಾರು ಕಾಯಬೇಕು, ಯಾವ ದುಡ್ಡಿನಲ್ಲಿ ಕಾಯಬೇಕು, ಮೀರಿದವನು ಯಾರಿಗೆ ಉತ್ತರ ಕೊಡಬೇಕು ಎಂದು ಬರೆದಿಟ್ಟ ಕಡೆ.

ಕನ್ನಡದಲ್ಲೇ ಇರುವ ಒಂದು ಬರಹವನ್ನು ಹತ್ತಿರದಿಂದ ನೋಡೋಣ. ಶ್ರವಣಬೆಳಗೊಳದಲ್ಲಿ ಶಕ 1290ರ, ಅಂದರೆ ಕ್ರಿ.ಶ. 1368ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ, ಶಾಸನದ ಮಾತಿನಲ್ಲಿ 'ಭಕ್ತರಿಗೂ', ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಗೆ ಕೊಟ್ಟ. ಎರಡು ದರ್ಶನಗಳ ನಡುವೆ ಭೇದವಿಲ್ಲ ಎಂದ. ಈ ಶಾಸನವನ್ನು ನೆನೆಯುವ ಭಾಷಣಗಳೆಲ್ಲ ಇಲ್ಲಿಗೇ ನಿಲ್ಲುತ್ತವೆ. ಶಾಸನ ನಿಲ್ಲುವುದಿಲ್ಲ, ಅದರ ಗಟ್ಟಿ ಭಾಗ ಇರುವುದೇ ಮುಂದೆ. ಹಿಂದಿನಿಂದ ಬಂದ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಜೈನರಿಗೆ ಸಲ್ಲುತ್ತವೆ ಎಂದು ಹೆಸರು ಹಿಡಿದು ಹೇಳುತ್ತದೆ. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾದರೆ ಅದು ವೈಷ್ಣವಕ್ಕೇ ಆದ ಹಾನಿ ಎನ್ನುತ್ತದೆ. ರಾಜ್ಯದೊಳಗಿನ ಬಸ್ತಿಗಳಲ್ಲೆಲ್ಲ, ಅಂದರೆ ಜೈನ ಗುಡಿಗಳಲ್ಲೆಲ್ಲ, ಈ ಕಟ್ಟಳೆಯ ಶಾಸನವನ್ನು ನೆಡಿಸಬೇಕಾದವರು ಜೈನರಲ್ಲ, ಶ್ರೀವೈಷ್ಣವರು. ಆಮೇಲೆ ಲೆಕ್ಕ ಬರುತ್ತದೆ: 'ಬಾಗಿಲುಗಟ್ಟಳೆ'ಯಾಗಿ ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಬೇಕು. ಆ ದುಡ್ಡಿನಲ್ಲಿ ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು ಇಡಬೇಕು. ಮಿಕ್ಕಿದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸೊದೆ, ಅಂದರೆ ಸುಣ್ಣ ಆಗಬೇಕು. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಇದರಲ್ಲಿ ಒಂದು ಕೊರತೆಯಿದೆ, ಮುಚ್ಚಿಡಬಾರದು. ಕಾವಲಿನ ದುಡ್ಡನ್ನು ಕೊಡುವವರು ಪೆಟ್ಟು ತಿಂದವರೇ. ಇಂದಿನ ಕಣ್ಣಿಗೆ ಅದು ಸರಿಯಲ್ಲ. ಪ್ರಜೆಯ ರಕ್ಷಣೆಗೆ ಪ್ರಜೆಯಿಂದಲೇ ಬೇರೆ ವಂತಿಗೆ ಎತ್ತಕೂಡದು. ಹಾಗಿದ್ದರೂ ಹಕ್ಕಿಗೆ ಬೇಕಾದ ಅಂಗಗಳೆಲ್ಲ ಇಲ್ಲಿವೆ. ಯಾವುದು ಸಲ್ಲುತ್ತದೆ ಎಂಬುದಿದೆ, ಯಾರ ಹೊಣೆ ಎಂಬುದಿದೆ, ದುಡ್ಡಿನ ಮೂಲವಿದೆ, ದಂಡನೆಯಿದೆ, ಎಲ್ಲರ ಕಣ್ಣಿಗೆ ಬೀಳುವ ಕಲ್ಲಿದೆ.

ಇದಕ್ಕಿಂತ ಹದಿನಾರು ಶತಮಾನ ಹಿಂದಿನದು ಅಶೋಕನ ಹನ್ನೆರಡನೆಯ ಬಂಡೆಗಲ್ಲು ಶಾಸನ. ತನ್ನ ಪಂಥವನ್ನು ಹೊಗಳಲು ಇತರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ, ಮಾತಿಗೆ ಹಿಡಿತ ಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದು ಅದರ ತಿರುಳು. ಶಾಲೆಯ ಪುಸ್ತಕಗಳು ಇಷ್ಟನ್ನು ಹೇಳುತ್ತವೆ. ಕೊನೆಯ ಸಾಲುಗಳನ್ನು ಬಿಡುತ್ತವೆ. ಈ ಕೆಲಸಕ್ಕೆಂದೇ ಧರ್ಮ ಮಹಾಮಾತ್ರರನ್ನೂ ಹೆಂಗಸರ ವಿಷಯ ನೋಡುವ ಮಹಾಮಾತ್ರರನ್ನೂ ಬೇರೆ ಅಧಿಕಾರಿಗಳನ್ನೂ ನೇಮಿಸಿದ್ದಾಗಿ ಅಶೋಕ ಅಲ್ಲಿ ಹೇಳುತ್ತಾನೆ. ತತ್ವದ ಹಿಂದೆಯೇ ಕಚೇರಿ ಬಂತು. ಈ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ಅಲ್ಲಿ ಆ ಚಪ್ಪಡಿಯನ್ನು ಕಾಳಿ ವಿಗ್ರಹದ ಪೀಠವಾಗಿ ಬಳಸಿದ್ದರು, ವಿಗ್ರಹ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರ ಹೋಗಿವೆ.

ಈಗ ನಮ್ಮ ಸುತ್ತಲಿನ ಕಲ್ಲುಗಳಿಗೆ ಬರೋಣ. ಗದಗ ಜಿಲ್ಲೆಯ ಡಂಬಳ ಎಂದರೆ ದೊಡ್ಡಬಸಪ್ಪನ ಗುಡಿ ನೆನಪಾಗುತ್ತದೆ. ಆದರೆ ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನದ ಪ್ರಕಾರ ಅಲ್ಲಿ ಎರಡು ಬೌದ್ಧ ವಿಹಾರಗಳಿದ್ದವು. ಒಂದನ್ನು ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ್ದರು, ಆರ್ಯತಾರಾದೇವಿಯ ಇನ್ನೊಂದನ್ನು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಒಬ್ಬ ವ್ಯಾಪಾರಿ ಕಟ್ಟಿಸಿದ್ದ. ಅದೇ ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಸಹಬಾಳ್ವೆಗೆ ಇವು ಸಾಕ್ಷಿ. ಗದಗ ತಾಲೂಕಿನ ಗಾವರವಾಡದ ಶಾಸನ ಇನ್ನೊಂದು ಮುಖ ತೋರಿಸುತ್ತದೆ: ಅಣ್ಣಿಗೇರಿಯಲ್ಲಿ ಗಂಗ ಪೆರ್ಮಾಡಿ ಕಟ್ಟಿಸಿದ ಬಸದಿ ಚೋಳರ ದಾಳಿಯಲ್ಲಿ ಹಾಳಾದದ್ದನ್ನೂ ಆಮೇಲೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದನ್ನೂ ಅದು ಹೇಳುತ್ತದೆ.

ಹಾವೇರಿ ಜಿಲ್ಲೆಯ ಅಬ್ಬಲೂರಿನದು ಇನ್ನೂ ಕಠಿಣ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನದಂತೆ ಶಿವಭಕ್ತ ಏಕಾಂತದ ರಾಮಯ್ಯನಿಗೂ ಜೈನರಿಗೂ ಪಣ ಬಿತ್ತು: ರಾಮಯ್ಯ ಕಡಿದುಕೊಂಡ ತಲೆ ಶಿವನ ದಯೆಯಿಂದ ಮರಳಿ ಕೂಡಿದರೆ ಜಿನಬಿಂಬವನ್ನು ಒಡೆಯಬೇಕು. ತಲೆ ಕೂಡಿತು ಎಂದು ಶಾಸನ ಹೇಳುತ್ತದೆ, ಬಿಂಬ ಒಡೆಯಿತು, ಅರಸ ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ. ಗುಡಿಯ ಶಿಲ್ಪಗಳಲ್ಲೂ ಈ ಪ್ರಸಂಗ ಕೊರೆದಿದೆ. ಇದು ಪವಾಡವೋ ಅಲ್ಲವೋ ಎಂಬ ಚರ್ಚೆ ನನ್ನದಲ್ಲ. ಒಂದು ಸಮುದಾಯದ ಪೂಜಾಸ್ಥಳ ಉಳಿಯಬೇಕೋ ಬೇಡವೋ ಎಂಬುದು ಒಂದು ವಾದದ ಸೋಲುಗೆಲುವಿನ ಮೇಲೆ ನಿಂತಿತ್ತು, ಅರಸ ಅದನ್ನು ತಡೆಯುವ ಬದಲು ತೀರ್ಪುಗಾರನಾದ. ನನ್ನನ್ನು ಕಾಡುವುದು ಅದು. ಬೆಳಗೊಳದಲ್ಲಿ ಅರಸ ಯಾರ ದೇವರು ಹೆಚ್ಚು ಎಂದು ಕೇಳಲಿಲ್ಲ, ಅಬ್ಬಲೂರಿನಲ್ಲಿ ಅದೇ ಪ್ರಶ್ನೆಯಾಯಿತು. ಈ ವ್ಯತ್ಯಾಸ ಇಟ್ಟುಕೊಳ್ಳಿ, ಇಂದಿನ ಕೋರ್ಟಿನ ಮಾತಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ದರ್ಶನಗಳು ಏನು ಹೇಳುತ್ತವೆ? ಋಗ್ವೇದದ 'ಏಕಂ ಸತ್', ಸತ್ಯ ಒಂದೇ ಎನ್ನುವ ಸಾಲನ್ನು ಎಲ್ಲರೂ ಬಲ್ಲರು. ಗೀತೆಯ ಒಂಬತ್ತನೆಯ ಅಧ್ಯಾಯದ 23ನೇ ಶ್ಲೋಕವನ್ನು ನಿಧಾನವಾಗಿ ಓದಿ. ಶ್ರದ್ಧೆಯಿಂದ ಬೇರೆ ದೇವತೆಗಳನ್ನು ಪೂಜಿಸುವವರೂ ನನ್ನನ್ನೇ ಪೂಜಿಸುತ್ತಾರೆ, ಆದರೆ 'ಅವಿಧಿಪೂರ್ವಕ'ವಾಗಿ, ವಿಧಿ ತಪ್ಪಿ. ಇದು ಔದಾರ್ಯ, ಅನುಮಾನವಿಲ್ಲ. ಪರದೇವತೆಯ ಭಕ್ತನನ್ನು ಹೊರಗೆ ಹಾಕುತ್ತಿಲ್ಲ. ಆದರೆ 'ನೀನೂ ನಮ್ಮವನೇ, ನಿನಗೆ ಗೊತ್ತಿಲ್ಲ ಅಷ್ಟೆ' ಎಂಬ ಮಾತು ಅಲ್ಪಸಂಖ್ಯಾತನ ಕಿವಿಗೆ ಬೇರೆಯಾಗಿ ಕೇಳುತ್ತದೆ. ಅವನು ಕೇಳುತ್ತಿರುವುದು ಬೇರೆಯಾಗಿಯೇ ಇರುವ ಹಕ್ಕನ್ನು. ಒಳಗೊಳ್ಳುವ ದರ್ಶನ ಹೊರಗಿರುವವನ ಹಕ್ಕನ್ನು ತಾನಾಗಿಯೇ ಕಾಯುವುದಿಲ್ಲ.

ಈ ದೃಷ್ಟಿಯಿಂದ ನನಗೆ ಬಹಳ ಬೆಲೆಯುಳ್ಳದ್ದು ಎನಿಸುವುದು ಬೌದ್ಧರ ಪಾಲಿ ಗ್ರಂಥ ಮಜ್ಝಿಮನಿಕಾಯದ ಉಪಾಲಿ ಸುತ್ತ. ನಾಲಂದದ ಗೃಹಸ್ಥ ಉಪಾಲಿ ನಿಗಂಠರ, ಅಂದರೆ ಜೈನ ಶ್ರಮಣರ, ಅನುಯಾಯಿ. ಬುದ್ಧನನ್ನು ವಾದದಲ್ಲಿ ಸೋಲಿಸಲು ಬಂದು ಕಡೆಗೆ ಅವನ ಶಿಷ್ಯನಾಗುತ್ತೇನೆ ಎನ್ನುತ್ತಾನೆ. ಚೆನ್ನಾಗಿ ಯೋಚಿಸಿ ನಿರ್ಧರಿಸು ಎಂಬುದು ಬುದ್ಧನ ಮೊದಲ ಮಾತು. ಎರಡನೆಯದು ಇನ್ನೂ ದೊಡ್ಡದು: ನಿನ್ನ ಮನೆ ಬಹಳ ಕಾಲದಿಂದ ನಿಗಂಠರಿಗೆ ನೀರಿನ ಸೆಲೆಯಂತಿದೆ, ಅವರು ಬಂದಾಗ ಭಿಕ್ಷೆ ನಿಲ್ಲಿಸಬೇಡ. ಉಪಾಲಿ ಮನೆಗೆ ಹೋಗಿ ದ್ವಾರಪಾಲಕನಿಗೆ ಅಪ್ಪಣೆ ಕೊಡುತ್ತಾನೆ: ಇನ್ನು ನಿಗಂಠರಿಗೆ ಬಾಗಿಲು ಮುಚ್ಚಿದೆ, ಆದರೆ ಭಿಕ್ಷೆ ಬೇಕೆಂದರೆ ಇಲ್ಲೇ ನಿಲ್ಲಲು ಹೇಳು, ತಂದುಕೊಡುತ್ತಾರೆ. ಒಪ್ಪಿಗೆ ಮುಗಿದರೂ ಅನ್ನದ ಬಾಧ್ಯತೆ ಮುಗಿಯಲಿಲ್ಲ. ಹೀಗಿದ್ದೂ ಅದೇ ಸುತ್ತದ ಕೊನೆ ಜೈನ ಗುರುವಿನ ಬಗ್ಗೆ ಕಟುವಾಗಿದೆ. ಒಂದೇ ಪಠ್ಯದಲ್ಲಿ ಎರಡೂ ಇವೆ, ನಮ್ಮ ಪರಂಪರೆಯ ಬಹುಪಾಲು ಪಠ್ಯಗಳು ಹೀಗೆಯೇ. ಬೇಕಾದ ಸಾಲು ಮಾತ್ರ ಎತ್ತಿಕೊಂಡು ಬೀಗುವುದು ಸುಲಭ.

1675ರಲ್ಲಿ ದೆಹಲಿಯಲ್ಲಿ ಪ್ರಾಣ ಕೊಟ್ಟ ಗುರು ತೇಗ್ ಬಹಾದ್ದೂರರನ್ನೂ ಇಲ್ಲಿ ನೆನೆಯಬೇಕು. ಸಿಖ್ ಪರಂಪರೆಯಂತೆ ಅವರು ನಿಂತದ್ದು ಕಾಶ್ಮೀರಿ ಪಂಡಿತರ ತಿಲಕ-ಜನಿವಾರದ ಪರವಾಗಿ. ಜನಿವಾರವನ್ನು ಗುರು ನಾನಕರು ಒಪ್ಪಿರಲಿಲ್ಲ, ಅವರ ಪಂಥವೂ ಧರಿಸುವುದಿಲ್ಲ. ತಾನು ಒಪ್ಪದ ಆಚರಣೆಯ ಹಕ್ಕಿಗೆ ಕೊರಳು ಕೊಟ್ಟರು. ನೀನೂ ನಾನೂ ಒಂದೇ ಎನ್ನುವ ಅಗತ್ಯವೇ ಅಲ್ಲಿ ಬರಲಿಲ್ಲ.

ಒಂದು ವಸ್ತುವನ್ನು ಹಲವು ದೃಷ್ಟಿಗಳಿಂದ ನೋಡಬೇಕೆನ್ನುವ ಜೈನರ ಅನೇಕಾಂತ ನಮ್ಮ ಊರಿನ ಶಾಂತಿ ಸಭೆಗೆ ನೇರವಾಗಿ ಹೊಂದುತ್ತದೆ. ಅಲ್ಲಿ ಬರುವ 'ಸ್ಯಾತ್' ಎಂದರೆ 'ಬಹುಶಃ' ಎಂದು ಅನುವಾದಿಸಿ ಅದನ್ನು ಅಡ್ಡಗೋಡೆಯ ಮೇಲಿನ ದೀಪ ಮಾಡಿಬಿಟ್ಟಿದ್ದೇವೆ. ಅದು 'ಒಂದು ದೃಷ್ಟಿಯಿಂದ ಖಚಿತವಾಗಿ' ಎಂಬ ಅರ್ಥದ ಮಾತು. ಯಾವ ದೃಷ್ಟಿಯಿಂದ ಎಂದು ಹೇಳುವ ಹೊಣೆ ಮಾತಾಡುವವನದು. ಗಣೇಶ ವಿಸರ್ಜನೆ, ಈದ್ ಮೆರವಣಿಗೆಗಳ ಮುಂಚೆ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. 'ಎಲ್ಲರೂ ಸೌಹಾರ್ದದಿಂದ ಹಬ್ಬ ಆಚರಿಸಲು ತೀರ್ಮಾನಿಸಲಾಯಿತು' ಎಂಬಷ್ಟೇ ನಡಾವಳಿ ಬರೆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಬರೆಯಬೇಕಾದದ್ದು ಬೇರೆ: ಮೆರವಣಿಗೆ ಯಾವ ಓಣಿಯಿಂದ ಹೋಗುತ್ತದೆ, ಮಸೀದಿ ಅಥವಾ ಗುಡಿಯ ಮುಂದೆ ಎಷ್ಟು ಗಂಟೆಗೆ ಬರುತ್ತದೆ, ಆ ಹೊತ್ತಿಗೆ ಅಲ್ಲಿ ಪ್ರಾರ್ಥನೆಯಿದೆಯೇ, ಧ್ವನಿವರ್ಧಕದ ಹೊಣೆ ಯಾರದು. ಒಂದು ಪಕ್ಷದ ತಕರಾರು ಸಮಯದ್ದು, ಇನ್ನೊಂದರದು ದಾರಿಯದು ಆಗಿರುತ್ತದೆ. ಎರಡೂ ತಮ್ಮ ತಮ್ಮ ದೃಷ್ಟಿಯಿಂದ ಸರಿ. ಬೇರೆ ಬೇರೆ ಬರೆದರೆ ಎರಡಕ್ಕೂ ಉತ್ತರ ಸಿಗುತ್ತದೆ, ಕಲಸಿದರೆ 'ಅವರು ನಮ್ಮ ಹಬ್ಬಕ್ಕೆ ವಿರೋಧ' ಎಂದಾಗುತ್ತದೆ. ಇನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಧ್ವನಿವರ್ಧಕದ ನಿಷೇಧ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್‌ನ ಮಿತಿ 2000ನೇ ಇಸವಿಯ ಶಬ್ದ ನಿಯಮಗಳಲ್ಲಿವೆ. ಅವು ಎಲ್ಲ ಧರ್ಮಕ್ಕೂ ಒಂದೇ. ಒಬ್ಬರ ಮೇಲೆ ಮಾತ್ರ ಹಚ್ಚಿದ ದಿನ ನಿಯಮವೇ ಜಗಳದ ಬೀಜವಾಗುತ್ತದೆ.

ಇನ್ನು ಸಂವಿಧಾನ. 25ನೇ ವಿಧಿ ಪ್ರತಿ ವ್ಯಕ್ತಿಗೆ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಯೊಳಗೆ. 26ನೇದು ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವ ಹಕ್ಕು. 28ನೇದರ ಪ್ರಕಾರ ಅನುದಾನಿತ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಈ ಒಪ್ಪಿಗೆ ಬರಹದಲ್ಲಿರಲಿ ಎಂದು ಶಾಲೆಗಳಿಗೆ ನನ್ನ ಸಲಹೆ. 30ನೇದು ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರು ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು. ಅಲ್ಪಸಂಖ್ಯಾತರೆಂದು ಎಣಿಸುವುದು ರಾಜ್ಯವಾರು ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹೇಳಿತು. ಅದು ನಮ್ಮ ಮಣಿಪಾಲದಿಂದ ಹೋದ ಪ್ರಕರಣ.

'ನೀವೂ ನಮ್ಮವರೇ' ಎಂಬ ತೊಡಕು ಕಾನೂನಿನಲ್ಲೂ ಇದೆ. ಗುಡಿಗಳನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಸಂದರ್ಭದಲ್ಲಿ 'ಹಿಂದೂ' ಎಂಬುದರಲ್ಲಿ ಸಿಖ್ಖರು, ಜೈನರು, ಬೌದ್ಧರೂ ಸೇರುತ್ತಾರೆ ಎಂದು 25ನೇ ವಿಧಿಯ ಎರಡನೇ ವಿವರಣೆ ಹೇಳುತ್ತದೆ. ಅದು ಆ ಒಂದು ಉಪವಿಧಿಗೆ ಮಾತ್ರ. ಅದನ್ನು ಎಲ್ಲದಕ್ಕೂ ಎಳೆಯುವುದು ಸರಿಯಲ್ಲ. 1993ರಲ್ಲಿ ಕೇಂದ್ರ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಐದು ಸಮುದಾಯಗಳಲ್ಲಿ ಸಿಖ್ಖರೂ ಬೌದ್ಧರೂ ಇದ್ದರು, ಜೈನರು ಇರಲಿಲ್ಲ. ಅವರು ಸೇರಿದ್ದು 2014ರ ಜನವರಿಯಲ್ಲಿ. ರಾಮಕೃಷ್ಣ ಮಿಷನ್ ತನ್ನದು ಪ್ರತ್ಯೇಕ ಧರ್ಮ, ತನಗೆ 30ನೇ ವಿಧಿ ಬೇಕು ಎಂದು ವಾದಿಸಿದಾಗ 1995ರಲ್ಲಿ ಸುಪ್ರೀಂ ಕೋರ್ಟು, ಅದು ಹಿಂದೂ ಧರ್ಮದೊಳಗಿನ ಪಂಥ, 26ನೇ ವಿಧಿ ಸಲ್ಲುತ್ತದೆ, 30ನೇದು ಸಲ್ಲದು ಎಂದಿತು. ಲಿಂಗಾಯತ ಧರ್ಮದ ಪ್ರಶ್ನೆಯಲ್ಲಿ ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಈ ಸಭೆಯಲ್ಲಿ ಎರಡೂ ಅಭಿಪ್ರಾಯದವರಿದ್ದೀರಿ. ಯಾವ ಕಡೆ ನಿಂತರೂ ಒಂದು ವಿಷಯ ಸ್ಪಷ್ಟವಿರಲಿ: ಪಂಥವೆಂದರೆ 26, ಪ್ರತ್ಯೇಕ ಅಲ್ಪಸಂಖ್ಯಾತ ಧರ್ಮವೆಂದರೆ ಜೊತೆಗೆ 30. ಹಿಂದುಳಿದ ವರ್ಗದ ಮೀಸಲಾತಿ ಇವೆರಡಕ್ಕಿಂತ ಬೇರೆ ಲೆಕ್ಕ. ಮೂರನ್ನೂ ಒಂದೇ ಮಾಡಿ ಮಾತಾಡುವುದರಿಂದಲೇ ಅರ್ಧ ಗೊಂದಲ.

ಈಗ ಅಬ್ಬಲೂರಿನ ನೆನಪು ಬೇಕು. ಒಂದು ಆಚರಣೆ ಧರ್ಮಕ್ಕೆ 'ಅತ್ಯಗತ್ಯ'ವೋ ಅಲ್ಲವೋ ಎಂದು ನೋಡುವ ಪರಿಪಾಠ ನಮ್ಮ ಕೋರ್ಟುಗಳಲ್ಲಿದೆ. ಅದರ ಬೇರು 1954ರ ಶಿರೂರು ಮಠದ ತೀರ್ಪಿನಲ್ಲಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಜೈನರ ಸಲ್ಲೇಖನವನ್ನು, ಅಂದರೆ ಆಹಾರ ಬಿಡುತ್ತ ಸಾವನ್ನು ಎದುರುಗೊಳ್ಳುವ ವ್ರತವನ್ನು, ಆತ್ಮಹತ್ಯೆಯ ಸಾಲಿಗೆ ಸೇರಿಸಿತು, ಅದು ಅತ್ಯಗತ್ಯವೆಂದು ತೋರಿಸಿಲ್ಲ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಊರೂರಿಗೂ ಈ ವ್ರತ ಹಿಡಿದವರ ನೆನಪಿನ ನಿಷಿಧಿ ಕಲ್ಲುಗಳಿರುವ ನಾಡು ನಮ್ಮದು, ಈ ಪ್ರಶ್ನೆ ದೂರದ್ದಲ್ಲ. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರ ಎಂಬ ಜೈನ ಗ್ರಂಥ ಸಲ್ಲೇಖನಕ್ಕೆ ಅನುಮತಿಸುವುದು ನಾಲ್ಕೇ ಸಂದರ್ಭಗಳಲ್ಲಿ: ಉಪಸರ್ಗ (ಮೇಲೆರಗಿದ ವಿಪತ್ತು), ಬರಗಾಲ, ಮುಪ್ಪು, ರೋಗ, ಅದೂ ಪರಿಹಾರವಿಲ್ಲದಿದ್ದರೆ. ಒಮ್ಮೆಗೇ ಬಿಡುವುದಿಲ್ಲ. ಮೊದಲು ಗಟ್ಟಿ ಆಹಾರ, ಆಮೇಲೆ ಹಾಲಿನಂಥ ದ್ರವ, ಆಮೇಲೆ ಬರಿಯ ನೀರು, ಕಡೆಗೆ ಅದೂ ಇಲ್ಲ. ಅದಕ್ಕೂ ಮುಂಚೆ ಎಲ್ಲರನ್ನೂ ಕ್ಷಮಿಸಿ ಎಲ್ಲರಿಂದ ಕ್ಷಮೆ ಬೇಡಬೇಕು. ವ್ರತ ಕೆಡಿಸುವ ಐದು ಅತಿಚಾರಗಳನ್ನೂ ಹೇಳಿದೆ: ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಭಯ, ಗೆಳೆಯರ ನೆನಪು, ಫಲದ ಬಯಕೆ. ಎರಡನೆಯದನ್ನು ಗಮನಿಸಿ. ಸಾವನ್ನು ಬಯಸಿದರೆ ವ್ರತವೇ ಕೆಟ್ಟಿತು. ಆತ್ಮಹತ್ಯೆಯ ತಿರುಳೇ ಸಾವಿನ ಬಯಕೆ. ಇಷ್ಟು ಸೂಕ್ಷ್ಮವಾದ ವಿಷಯ ಒಂದು ಸಮುದಾಯ ಕೋರ್ಟಿನಲ್ಲಿ ಎಷ್ಟು ಚೆನ್ನಾಗಿ ವಾದಿಸಿತು ಎಂಬುದರ ಮೇಲೆ ನಿಲ್ಲಬಾರದು. ಇತರರಿಗೆ ಹಾನಿಯಾಗುತ್ತಿದೆಯೇ, ಬಲವಂತವಿದೆಯೇ ಎಂದು ಕೋರ್ಟು ಕೇಳಲಿ, ಅದು ಅದರ ಕೆಲಸ. ಯಾವುದು ಮೋಕ್ಷಕ್ಕೆ ಅಗತ್ಯ ಎಂಬುದು ಅದರ ಕೆಲಸವಲ್ಲ. 1986ರಲ್ಲಿ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಹದ ಹಿಡಿದಿತ್ತು. ಯೆಹೋವನ ಸಾಕ್ಷಿಗಳ ಪಂಥದ ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಶಾಲೆ ಹೊರಹಾಕಿತ್ತು. ನಂಬಿಕೆ ಪ್ರಾಮಾಣಿಕವಾಗಿದೆಯೇ ಎಂದಷ್ಟೇ ನೋಡಿ ಕೋರ್ಟು ಮಕ್ಕಳನ್ನು ಮರಳಿ ಶಾಲೆಗೆ ಕಳಿಸಿತು.

ದೂರು ಕೊಡಬೇಕಾಗಿ ಬಂದಾಗ ಏನು ಕೆಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಪೂಜಾಸ್ಥಳಕ್ಕೆ ಹಾನಿಯಾದರೆ ಅದರ 298ನೇ ಕಲಮು, ಧಾರ್ಮಿಕ ಸಭೆಗೆ ಅಡ್ಡಿಯಾದರೆ 300, ಸ್ಮಶಾನದಲ್ಲಿ ಅತಿಕ್ರಮಣವಾದರೆ 301. ಜನ ಸಾಮಾನ್ಯವಾಗಿ ಹಿಡಿಯುವುದು 299ನ್ನು, ಹಳೆಯ ದಂಡ ಸಂಹಿತೆಯ 295ಎ ಅನ್ನು, ಅಂದರೆ ಧಾರ್ಮಿಕ ಭಾವನೆಗೆ ಧಕ್ಕೆ. ಅದಕ್ಕೆ ಬೇಕೆಂದೇ, ದುರುದ್ದೇಶದಿಂದ ಮಾಡಿದ್ದು ಎಂದು ರುಜುವಾಗಬೇಕು, ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿಯೂ ಬೇಕು. ಅನುಮತಿ ಇಲ್ಲದೆ ಹೋದ ಪ್ರಕರಣ ಅಲ್ಲೇ ನಿಲ್ಲುತ್ತದೆ. ಕಿಟಕಿ ಒಡೆದಿದ್ದರೆ ಒಡೆದ ಕಿಟಕಿಯ ಕಲಮು ಹಾಕಿಸಿ, ಭಾವನೆಯದು ಆಮೇಲೆ. ಫೋಟೋ, ದಿನಾಂಕ, ಹೊತ್ತು, ಇಬ್ಬರು ಸಾಕ್ಷಿಗಳ ಹೆಸರು ದೂರಿನಲ್ಲೇ ಇರಲಿ. ಠಾಣೆಯಲ್ಲಿ ತಗೊಳ್ಳದಿದ್ದರೆ ಮೇಲಿನ ಪೊಲೀಸ್ ಅಧಿಕಾರಿಗೆ ಬರಹದಲ್ಲಿ ಅಂಚೆ ಮೂಲಕ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ಅಲ್ಪಸಂಖ್ಯಾತರ ಆಯೋಗಕ್ಕೂ ಬರೆಯಿರಿ, ಅದು ಅಧಿಕಾರಿಗಳನ್ನು ಕರೆಸಬಲ್ಲದು. ಆದರೆ ಅದು ಕೊಡುವುದು ಶಿಫಾರಸು, ತೀರ್ಪಲ್ಲ. ಅದೊಂದನ್ನೇ ನಂಬಿ ಠಾಣೆ ಬಿಡಬೇಡಿ.

ಕಡೆಯದಾಗಿ ಮಣ್ಣಿನ ಮಾತು. ನಮ್ಮ ಹಳ್ಳಿಗಳಲ್ಲಿ ಮುಸಲ್ಮಾನರು, ಕ್ರೈಸ್ತರಷ್ಟೇ ಅಲ್ಲ, ಲಿಂಗಾಯತರೂ ಹೂಳುವವರೇ. ಹೂಳುವ ಜಾಗದ ಬೆಲೆ ಇಲ್ಲಿ ಬಹುಸಂಖ್ಯಾತರಿಗೂ ಗೊತ್ತು. ಆದರೂ ಸಣ್ಣ ಸಮುದಾಯದ ಜಾಗವೇ ಮೊದಲು ಕೈತಪ್ಪುತ್ತದೆ. ಕಾರಣ ಬಹುತೇಕ ದ್ವೇಷವಲ್ಲ, ಬಾಯಿಮಾತು. ಅಜ್ಜನ ಕಾಲದ ಹೊಲದ ಮಾಲೀಕ 'ಆ ಮೂಲೆಯಾಗ ಹೂಳ್ರಿ' ಅಂದಿರುತ್ತಾನೆ. ಮೊಮ್ಮಗ ಹೊಲ ಮಾರುತ್ತಾನೆ. ಕೊಂಡವನು ಉತಾರ (ಪಹಣಿ) ನೋಡಿದರೆ 9ನೇ ಕಾಲಂನಲ್ಲಿ ಮಾಲೀಕನ ಹೆಸರು, ಇತರರ ಹಕ್ಕು ಬರೆಯುವ 11ನೇ ಕಾಲಂ ಖಾಲಿ. ಅವನು ಬೇಲಿ ಹಾಕುತ್ತಾನೆ. ಕಾಗದದ ಪ್ರಕಾರ ಅವನದು ತಪ್ಪಲ್ಲ.

ಹಾಗಾಗಿ ಸಾವು ಬರುವ ಮುಂಚೆ ಕಾಗದ ಆಗಬೇಕು. ಮೊದಲು ಉತಾರ ಮತ್ತು ಊರ ನಕಾಶೆ ತೆಗೆಸಿ. ಜಾಗ ಸರ್ಕಾರದ್ದಾದರೆ ಪಂಚಾಯ್ತಿಯಲ್ಲಿ ಠರಾವು ಮಾಡಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಅರ್ಜಿ ಹೋಗಲಿ. ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿದೆ; ಹಾಗೆ ಕಾಯ್ದಿರಿಸಿದ್ದನ್ನು ಜಿಲ್ಲಾಧಿಕಾರಿಯ ಮಂಜೂರಿಯಿಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಖಾಸಗಿ ಜಮೀನಾದರೆ ಖರೀದಿಯೋ ದಾನಪತ್ರವೋ ನೋಂದಣಿಯಾಗಲೇಬೇಕು. ಅರ್ಜಿಯಲ್ಲಿ ಎಲ್ಲರೂ ಮರೆಯುವುದು ದಾರಿ. ಜಾಗ ಸಿಕ್ಕು ದಾರಿ ಸಿಗದಿದ್ದರೆ ಹೆಣ ಹೊತ್ತು ಇನ್ನೊಬ್ಬರ ಜೋಳದ ಹೊಲ ದಾಟಬೇಕಾಗುತ್ತದೆ. ಬಂಡಿದಾರಿಯೋ ಕಾಲುದಾರಿಯೋ ನಕಾಶೆಯಲ್ಲಿ ಇದ್ದರೆ ಅದನ್ನು ಗುರುತಿಸಿ ಅರ್ಜಿಗೆ ಹಚ್ಚಿ. ಆಮೇಲೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಮೋಜಣಿಯ (ಅಳತೆಯ) ದಿನ ಸುತ್ತಲಿನ ಹೊಲದವರೆಲ್ಲ ಇರಲಿ, ಪಂಚನಾಮೆಗೆ ಅವರ ಸಹಿ ಬೀಳಲಿ, ನಾಲ್ಕೂ ಮೂಲೆಗೆ ಕಲ್ಲು ನೆಡುವಾಗ ಊರ ಹಿರಿಯರನ್ನೇ ಕರೆದು ಅವರ ಕೈಯಿಂದಲೇ ನೆಡಿಸಿ.